ಗದಿಗೆಪ್ಪನ ಮೂಗು ತಿಂದ ಬ್ಯಾಟರಿ

ನಾನು ಒಂದು ಬ್ಯಾಟರಿ. ಟಾರ್ಚಿನ ಹೊಟ್ಟೆಗೆ ತುರುಕುವ, ಗೋಡೆ ಗಡಿಯಾರದ ಬೆನ್ನಿಗೆ ಸಿಕ್ಕಿಸುವ ಪೈಕಿಯಲ್ಲ. ಅವುಗಳ ಸಾಲಿನಲ್ಲಿ ನನ್ನನ್ನು ನಿಲ್ಲಿಸುವವರ ಜೊತೆ ನನಗೆ ಮಾತೇ ಬೇಡ. ನಾನು ಹೈಬ್ರಿಡ್ ಕಾರಿನ ಬ್ಯಾಟರಿ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಎರಡೂ ಇರುವ ಕಾರಿನಲ್ಲಿ, ಆ ಮೋಟರಿಗೆ ಕಸುವು ಕೊಡುವುದು ನಾನು.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು, ಅಷ್ಟು ಚೊಕ್ಕಟವಾದ ಜಾಗ. ಬಿಳಿ ಟೊಪ್ಪಿಗೆ, ಬಿಳಿ ಕೈಗವಸು ಹಾಕಿಕೊಂಡವರು ನನ್ನ ಕೋಶಗಳನ್ನು ಸಾಲಾಗಿ ಜೋಡಿಸಿ, ತಾಮ್ರದ ಪಟ್ಟಿಗಳಿಂದ ಬೆಸೆದು, ಲೋಹದ ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕಕ್ಕೆ ಒಂದು ಪುಟ್ಟ ಫ್ಯಾನು ಕೊಟ್ಟರು. ನಾನು ಬಿಸಿಯಾದಾಗ ಅದು ಕಾರಿನೊಳಗಿನ ತಂಪು ಗಾಳಿಯನ್ನು ಎಳೆದು ನನ್ನ ಮೈಮೇಲೆ ಹಾಯಿಸಬೇಕು. ಎಲ್ಲೋ ಒಂದು ಕಣ ಧೂಳು ಕಂಡರೂ ಆ ಜನ ಕೆಲಸ ನಿಲ್ಲಿಸಿ ಒರೆಸುತ್ತಿದ್ದರು. ನನ್ನ ಬದುಕಿನಲ್ಲಿ ನಾನು ಕಂಡ ಬುದ್ಧಿವಂತರು ಅವರೇ. ಆಮೇಲೆ ನನ್ನನ್ನು ಹಡಗು ಹತ್ತಿಸಿದರು; ಬುದ್ಧಿವಂತರ ಸಹವಾಸ ಅಲ್ಲಿಗೆ ಮುಗಿಯಿತು.

ಕಾರಿನಲ್ಲಿ ನನಗೆ ಸಿಕ್ಕ ಜಾಗ ಹಿಂದಿನ ಸೀಟಿನ ಕೆಳಗೆ. ಎಂಜಿನ್ ಮಹಾಶಯರು ಮುಂದೆ, ಬಾನೆಟ್ಟಿನ ಅಡಿ, ದೊಡ್ಡ ಮನುಷ್ಯರ ಹಾಗೆ. ನಿಂತ ಕಾರನ್ನು ಮೊದಲು ನೂಕುವುದು ನಾನು. ಊರೊಳಗಿನ ಸಂದಿಗೊಂದಿಗಳಲ್ಲಿ ಸದ್ದಿಲ್ಲದೆ ಎಳೆಯುವುದು ನಾನು. ಬ್ರೇಕ್ ಒತ್ತಿದಾಗ ಬೇರೆ ಕಾರುಗಳಲ್ಲಿ ಬಿಸಿಯಾಗಿ ಹಾಳಾಗಿಹೋಗುವ ಓಟದ ಶಕ್ತಿಯನ್ನು ಮೋಟರು ವಿದ್ಯುತ್ತಾಗಿ ಮಾಡಿ ಕಳಿಸಿದರೆ, ಅದನ್ನು ಒಂದು ಹನಿಯೂ ಚೆಲ್ಲದೆ ಕೂಡಿಡುವುದೂ ನಾನೇ. ಎಂಜಿನ್ ಮಾತ್ರ ಹೆದ್ದಾರಿ ಬಂದಮೇಲೆ ಆಕಳಿಸಿ ಎದ್ದು, ಪೆಟ್ರೋಲು ಹೀರಿ, ಊರಿಗೆಲ್ಲ ಕೇಳುವಂತೆ ಗುಡುಗುತ್ತದೆ. ಜನ ಬಾನೆಟ್ ಎತ್ತಿ ನೋಡಿ "ಏನ್ ಎಂಜಿನ್ ಮಾರಾಯಾ!" ಎಂದು ಬಾಯಿ ಬಿಡುತ್ತಾರೆ. ನಂತರ ಬಂದು ನನ್ನ ಮೇಲೆ ಬುಡ ಊರಿ ಕೂರುತ್ತಾರೆ.

ನನ್ನ ಮೊದಲ ಧಣಿ ಹುಬ್ಬಳ್ಳಿಯ ಒಬ್ಬ ಕಂಟ್ರಾಕ್ಟರ್. ಕಾರಿಗೆ ಬ್ಯಾಟರಿ ಇದೆ ಎಂದು ಕೇಳಿದ್ದೇ ತಡ, ಚಾರ್ಜು ಮಾಡಲು ಪ್ಲಗ್ ಬೇಕಲ್ಲ ಎಂದುಕೊಂಡು, ವಾಸ್ತು ನೋಡಿಸಿ, ಕಾಂಪೌಂಡಿನ ಆಗ್ನೇಯ ಮೂಲೆಗೆ ಒಂದು ಪ್ಲಗ್ ಹಾಕಿಸಿದ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಓಣಿಯವರನ್ನೆಲ್ಲ ಕರೆದು ಪೇಡೆ ಹಂಚಿದ. ಕಾರು ಮನೆಗೆ ಬಂದಮೇಲೆ ಹಿಂದೆ ಮುಂದೆ ತಡಕಿದ. ವೈರು ಚುಚ್ಚಲು ತೂತೇ ಇಲ್ಲ! ನಾನು ಓಡುತ್ತಲೇ ಚಾರ್ಜು ಆಗುತ್ತೇನೆ ಎಂಬುದನ್ನು ಆ ಪುಣ್ಯಾತ್ಮ ಯಾರ ಹತ್ತಿರವೂ ಕೇಳಿರಲಿಲ್ಲ. ಪೇಡೆ ತಿಂದವರ ಮುಂದೆ ಮುಖ ಉಳಿಯಬೇಕಲ್ಲ? ದಿನಾ ಸಂಜೆ ಪ್ಲಗ್ಗಿಗೆ ಒಂದು ವೈರು ಹಾಕಿ, ಅದರ ಇನ್ನೊಂದು ತುದಿಯನ್ನು ಕಾರಿನ ಹೊಟ್ಟೆಯ ಕೆಳಗೆ ಮುಚ್ಚಿಟ್ಟು, "ಚಾರ್ಜಿಗೆ ಹಾಕೀನಿ" ಎಂದು ಗೇಟಿನ ಬಳಿ ನಿಂತು ಹೇಳುತ್ತಿದ್ದ. ಕಾರು ಮಾರುವವರೆಗೂ ಈ ನಾಟಕ ಆಡಿದ. ಇಂಥವನ ಕೈಯಲ್ಲಿ ಸೇತುವೆ ಕಟ್ಟಿಸುತ್ತಾರೆ!

ಅವನಿಂದ ನನ್ನನ್ನು ಕೊಂಡವನು ಬ್ಯಾಡಗಿಯ ಗದಿಗೆಪ್ಪ ಹೊಸರಿತ್ತಿ. ಒಣ ಮೆಣಸಿನಕಾಯಿಯ ಖರೀದಿದಾರ. ಮಾರುಕಟ್ಟೆಯ ಅಂಗಡಿಗಳ ಮುಂದೆ ಸುರಿದ ರಾಶಿಗಳನ್ನು ನೋಡಿ, ಟೆಂಡರಿನಲ್ಲಿ ದರ ಬರೆದು, ಕೊಂಡ ಮಾಲನ್ನು ದೂರದೂರದ ಮಸಾಲೆ ಮಿಲ್ಲುಗಳಿಗೆ ಕಳಿಸುವುದು ಅವನ ಕಸುಬು. ಅವನ ಬಂಡವಾಳವೆಲ್ಲ ಮೂಗಿನಲ್ಲಿತ್ತು. ಒಂದು ಕಾಯಿ ಮುರಿದು ಮೂಸಿದರೆ ಸಾಕು, ಯಾವ ಹೊಲದ್ದು, ಈ ಸಲದ್ದೋ ಹೋದ ಸಲದ್ದೋ, ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲ ಹೇಳುತ್ತಿದ್ದನಂತೆ. ಮಿಲ್ಲಿನವರು ಚೀಲ ಬಿಚ್ಚದೆ ಮಾಲು ಇಳಿಸಿಕೊಳ್ಳುತ್ತಿದ್ದರು. "ಗದಿಗೆಪ್ಪ ನೋಡ್ಯಾನ" ಎಂದರೆ ಮುಗಿಯಿತು, ಮುಂದಿನ ಮಾತಿಲ್ಲ.

ನೋಡ್ಯಾನಂತೆ! ನಾನು ಅವನ ಕೈಗೆ ಬರುವ ಹೊತ್ತಿಗೆ ಆ ಮೂಗು ಸತ್ತು ಹೋಗಿತ್ತು. ಒಂದು ದೊಡ್ಡ ಜ್ವರ ಬಂದು ಹೋದಮೇಲೆ ವಾಸನೆ ಹೋಯಿತು, ತಿರುಗಿ ಬರಲೇ ಇಲ್ಲ. ಬಚ್ಚಲಿಗೂ ಊದಿನಕಡ್ಡಿಗೂ ವ್ಯತ್ಯಾಸ ಗೊತ್ತಾಗದ ಮನುಷ್ಯ ಮಾರುಕಟ್ಟೆಯಲ್ಲಿ ಮಾತ್ರ ಮೂಗು ಮುಂದೆ ಮಾಡಿಕೊಂಡು ನಡೆಯುತ್ತಿದ್ದ. ಇದು ಹೊರಬಿದ್ದರೆ ಅವನ ಮಾತಿಗೆ ಬೆಲೆ ಇರುವುದಿಲ್ಲ, ಮಿಲ್ಲುಗಳು ಬೇರೆಯವರನ್ನು ಹುಡುಕುತ್ತವೆ, ಅಪ್ಪನ ಕಾಲದಿಂದ ಬಂದ ಹೆಸರು ಅಲ್ಲಿಗೆ ಮುಗಿಯುತ್ತದೆ. ಗಂಡಹೆಂಡತಿ ಇಬ್ಬರನ್ನು ಬಿಟ್ಟು ಈ ಸಂಗತಿ ಗೊತ್ತಿದ್ದದ್ದು ನನಗೊಬ್ಬನಿಗೆ, ಅದೂ ಅವರು ನನ್ನ ಮೇಲೆ ಕೂತು ಮಾತಾಡುತ್ತಿದ್ದುದರಿಂದ.

ಹೆಂಡತಿಯ ಹೆಸರು ನೀಲವ್ವ. ಕುಂದಗೋಳದ ಮೆಣಸಿನಕಾಯಿ ಬೆಳೆಯುವವರ ಮಗಳು, ಕಣದಲ್ಲೇ ಬೆಳೆದವಳು. ಟೆಂಡರಿನ ದಿನ ಅವಳು ಕಾರಿನ ಹಿಂದಿನ ಸೀಟಿನಲ್ಲಿ, ಅಂದರೆ ನನ್ನ ನೆತ್ತಿಯ ಮೇಲೆ ಕೂತು ಮಾರುಕಟ್ಟೆಗೆ ಬರುತ್ತಿದ್ದಳು. ಕಾರಿಗೆ ಕಪ್ಪು ಗಾಜು. ಗದಿಗೆಪ್ಪ ಅಂಗಡಿಯಿಂದ ಅಂಗಡಿಗೆ ಹೋಗಿ, ರಾಶಿಯ ಮುಂದೆ ಗತ್ತಿನಿಂದ ಮೂಸುವ ನಾಟಕ ಮಾಡಿ, ಒಂದೊಂದು ಹಿಡಿ ಕಾಯಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನಮೂನೆ ಎಂದು ಕಾರಿಗೆ ತಂದು ಹೆಂಡತಿಯ ಮಡಿಲಿಗೆ ಹಾಕುತ್ತಿದ್ದ. ಅವಳು ಕಾಯಿಯನ್ನು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಚೆನ್ನಾಗಿ ಒಣಗಿದ್ದಾದರೆ ಒಳಗೆ ಬೀಜ ಗಿಲಿಗಿಲಿ ಅನ್ನುತ್ತದೆ. ನೀರು ಕುಡಿದ ಕಾಯಿ ಸುಮ್ಮನಿರುತ್ತದೆ. ಆಮೇಲೆ ಮುರಿದು, ಮೂಸಿ, "ಇದು ಬ್ಯಾಡ, ಬೂಷ್ಟು ಬರಾಕತ್ತೈತಿ. ಇದಕ್ಕ ಧೈರ್ಯಲೆ ದರ ಬರೀರಿ" ಎಂದು ಹೇಳುತ್ತಿದ್ದಳು. ಅವನು ಹೋಗಿ ಅದನ್ನೇ ಬರೆದು, ಮೀಸೆ ತೀಡಿಕೊಳ್ಳುತ್ತಿದ್ದ.

ಮಾರುಕಟ್ಟೆಯಲ್ಲಿ ಹೆಂಗಸರಿಲ್ಲವೇ? ಬೇಕಾದಷ್ಟಿದ್ದಾರೆ. ದಿನವಿಡೀ ಬಿಸಿಲಲ್ಲಿ ಕೂತು ತೊಟ್ಟು ಮುರಿಯುವವರೆಲ್ಲ ಹೆಂಗಸರೇ. ಆದರೆ ರಾಶಿ ನೋಡಿ ದರ ಹೇಳುವುದು ಗಂಡಸರ ಹಕ್ಕಂತೆ. ಖರೀದಿದಾರನ ಹೆಂಡತಿ ರಾಶಿಯ ಮುಂದೆ ಕೂತರೆ ಗಂಡನ ಮಾನ ಹೋಗುತ್ತದಂತೆ. ಹಾಗಾಗಿ, ಕಾರಿನಲ್ಲಿ ಯಾರೆಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ಮನಿಯವ್ರಿಗೆ ಮಂಡಿ ಬ್ಯಾನಿ, ದವಾಖಾನಿಗೆ ಕರ್ಕೊಂಡು ಹೊಂಟೇನಿ." ವರ್ಷಗಟ್ಟಲೆ, ಪ್ರತಿ ಟೆಂಡರಿನ ದಿನವೂ, ಆ ಹೆಂಗಸಿಗೆ ಮಂಡಿ ನೋವು! ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಒಂದು ಚೀಲದಲ್ಲಿ ಹಿಡಿ ಮಣ್ಣು ಹೆಚ್ಚಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ಹಿಡಿಯುವ ಜನ ಇದನ್ನು ನಂಬಿದರು. ಮನುಷ್ಯರ ಬಗ್ಗೆ ನನಗೆ ಮರ್ಯಾದೆ ಬರುವುದು ಹೇಗೆ, ನೀವೇ ಹೇಳಿ.

ಅವನ ಬಗ್ಗೆ ನನಗೆ ಅಸಹ್ಯವಿತ್ತು. ಅವಳ ಬಗ್ಗೆ ಸಿಟ್ಟಿತ್ತು. ಸೀಟಿನ ಕೆಳಗೆ ಅಡಗಿ ಕೂತು ದುಡಿಯುವುದು ನನ್ನ ಹಣೆಬರಹ, ನನಗೆ ಕಾಲಿಲ್ಲ. ಕಾಲಿರುವ ನಿನಗೇನಾಗಿದೆ ತಾಯಿ, ಬಾಗಿಲು ತೆಗೆದು ಇಳಿಯಬಾರದೇ ಎಂದು ನೂರು ಸಲ ಅಂದುಕೊಂಡಿದ್ದೇನೆ. ಅವಳು ಇಳಿಯಲಿಲ್ಲ. ಒಮ್ಮೆ ಅವಳೇ ಕೇಳಿದ್ದಳು: "ಎಷ್ಟ ದಿನಾರೀ ಹಿಂಗ? ಒಮ್ಮೆ ಹೇಳಿ ಬಿಡೋಣ." ಗದಿಗೆಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ, "ಹೇಳಿದ ದಿನ ನಾ ಬಜಾರದಾಗ ಕಾಲಿಡಂಗಿಲ್ಲ ನೋಡು. ನನ್ನ ಹೆಣಾ ನೋಡ್ತಿ" ಅಂದ. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಕಾಯಿ ಅಲ್ಲಾಡಿಸುತ್ತಾ ಕೂತಳು.

ಇವರಿಗೆ ಈ ಕಾರೇ ಏಕೆ ಬೇಕಾಗಿತ್ತೆಂದು ನನಗೆ ಆಗ ತಿಳಿಯಿತು. ಹಿಂದಿನ ಡೀಸೆಲ್ ಗಾಡಿಯಲ್ಲಿ ಎಸಿ ಬೇಕೆಂದರೆ ಎಂಜಿನ್ ಗುಡುಗುತ್ತಲೇ ಇರಬೇಕು, ಬೀಜದ ಸದ್ದು ಕೇಳುವುದಿಲ್ಲ. ಆರಿಸಿದರೆ ಗಾಜು ಮುಚ್ಚಿದ ಗಾಡಿಯಲ್ಲಿ ಬೇಯಬೇಕು. ನಾನಿದ್ದರೆ ಎರಡೂ ತೊಂದರೆಯಿಲ್ಲ. ಎಂಜಿನ್ ಮಲಗಿರುತ್ತದೆ, ನನ್ನ ವಿದ್ಯುತ್ತಿನಲ್ಲೇ ಎಸಿ ನಡೆಯುತ್ತದೆ, ಒಳಗೆ ದೇವರ ಕೋಣೆಯಷ್ಟು ನಿಶ್ಶಬ್ದ. ನಡುನಡುವೆ ನನ್ನ ಚಾರ್ಜು ಇಳಿದರೆ ಎಂಜಿನ್ ತಾನೇ ಎದ್ದು ಗುರುಗುಟ್ಟುತ್ತಿತ್ತು. ಆಗ ನೀಲವ್ವ ಕಾಯಿ ಇಳಿಸಿ, "ಎದ್ದ್ಯಾ? ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಬೈಯುತ್ತಿದ್ದಳು. ಎಂಜಿನ್ನಿಗೆ ಹಾಗೆ ಬೈದವರಲ್ಲಿ ನಾನು ಕಂಡ ಮೊದಲನೆಯವಳು ಅವಳೇ. ಆ ಒಂದು ಕಾರಣಕ್ಕೆ ಅವಳ ಬೇರೆ ತಪ್ಪುಗಳನ್ನು ಎಷ್ಟೋ ದಿನ ಸಹಿಸಿಕೊಂಡೆ.

ತಪ್ಪೇನು ಸಣ್ಣದಾಗಿರಲಿಲ್ಲ. ನನ್ನ ಫ್ಯಾನು ಗಾಳಿ ಎಳೆಯಲು ಹಿಂದಿನ ಸೀಟಿನ ಬದಿಯಲ್ಲಿ ಒಂದು ಜಾಲರಿ ಇತ್ತು. ಅಲ್ಲಿ ಗಾಳಿ ಆಡುವುದು ಅವಳ ಕೈಗೆ ತಾಗಿತು. ಮೆಣಸಿನಕಾಯಿಯವರಿಗೆ ಹುಟ್ಟಿನಿಂದ ಒಂದೇ ಚಿಂತೆ: ಕಾಯಿಗೆ ಗಾಳಿ ಆಡಬೇಕು, ಇಲ್ಲದಿದ್ದರೆ ಬೆವೆತು ಬೂಷ್ಟು ಹಿಡಿಯುತ್ತದೆ. ಎಲ್ಲಿ ಗಾಳಿ ಸುಳಿದರೂ ಅಲ್ಲಿ ಕಾಯಿ ಇಡುವುದು ಅವರ ರಕ್ತದಲ್ಲೇ ಇದೆ. "ಇಲ್ಲಿ ಇಡ್ರಿ, ತಣ್ಣಗ ಗಾಳಿ ಬರ್ತೈತಿ" ಎಂದು ಅವಳು ಅಂದಳು, ಅವನು ಗಂಟುಗಳನ್ನೆಲ್ಲ ಆ ಜಾಲರಿಗೆ ಒತ್ತಿ ಇಟ್ಟ. ಗಾಳಿ ಅಲ್ಲಿಂದ ಬರುತ್ತಿಲ್ಲ, ಒಳಗೆ ಹೋಗುತ್ತಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಾಯಿಯ ಪುಡಿ, ಬೀಜದ ಸಿಪ್ಪೆ, ಕೆಂಪು ಧೂಳು ಎಲ್ಲವೂ ನೆಟ್ಟಗೆ ನನ್ನ ಹೊಟ್ಟೆಗೆ ಬಂದವು. ಚೊಕ್ಕಟ ಕಾರ್ಖಾನೆಯಲ್ಲಿ ಹುಟ್ಟಿದ ನಾನು ಬ್ಯಾಡಗಿಯಲ್ಲಿ ಖಾರದ ಡಬ್ಬಿಯಾದೆ. ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ಕೆಂಪು ದೀಪ ಹೊತ್ತಿಸಿ ಎಚ್ಚರಿಸಿದೆ. ಗದಿಗೆಪ್ಪ ಅದಕ್ಕೊಂದು ನಿಂಬೆಹಣ್ಣು ನಿವಾಳಿಸಿ, "ಬರೇ ದೀಪ ಐತಿ, ಉರೀಲಿ ಬಿಡು" ಅಂದ.

ಅದೊಂದು ಮಾರ್ಚ್ ತಿಂಗಳ ಟೆಂಡರಿನ ದಿನ. ಮಾರುಕಟ್ಟೆ ಕೆಂಪಗೆ ಹೊತ್ತಿಕೊಂಡಂತಿತ್ತು, ಕಾಲಿಡಲು ಜಾಗವಿಲ್ಲ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ದೂರದ ಕಾರ್ಖಾನೆಯೊಂದರಿಂದ ಒಬ್ಬ ಮನುಷ್ಯ ಬಂದಿದ್ದ. ವರ್ಷವಿಡೀ ಮಾಲು ಗದಿಗೆಪ್ಪನಿಂದಲೇ ಕೊಳ್ಳುವುದೋ ಬೇಡವೋ ಎಂದು ಅಂದೇ ತೀರ್ಮಾನಿಸುವವನಿದ್ದ. ಇವನ ಮೂಗಿನ ಖ್ಯಾತಿ ಕೇಳಿದ್ದನಲ್ಲ, ಪಕ್ಕ ಬಿಡದೆ ಹಿಂದೆಯೇ ತಿರುಗಿದ. ಗದಿಗೆಪ್ಪನಿಗೆ ಕಾರಿನ ಹತ್ತಿರ ಬಂದು ಗಂಟು ಕೊಡುವುದೇ ಕಷ್ಟವಾಯಿತು. ಹೇಗೋ ಒಂದಿಷ್ಟು ಕೊಟ್ಟು ಹೋದ. ನೀಲವ್ವ ಒಳಗೆ ಕೂತು ಕಾದಳು. ಎಸಿ ನಡೆಸುತ್ತಾ ನಾನು ಬೆಂದೆ. ಜಾಲರಿಯ ಮೇಲೆ ಗಂಟುಗಳ ಗೋಡೆ, ಉಸಿರೇ ಇಲ್ಲ. ಮೈಮೇಲಿನ ಖಾರದ ಧೂಳು ಹುರಿಯತೊಡಗಿತು. ಕೊನೆಗೆ ಕಾರಿನ ಕಂಪ್ಯೂಟರು ನನ್ನ ಸಂಪರ್ಕ ಕಡಿದು ಹಾಕಿತು. ಎಸಿ ನಿಂತಿತು, ಕಾರು ಸತ್ತಿತು. ಗುಡುಗುವ ಎಂಜಿನ್ ಮಹಾಶಯರೂ ಏಳಲಿಲ್ಲ. ಅವರನ್ನು ಎಬ್ಬಿಸುವುದೂ ನಾನೇ ಎಂಬುದು ಈಗಲಾದರೂ ಎಲ್ಲರಿಗೂ ಗೊತ್ತಾಗಲಿ.

ಒಗ್ಗರಣೆ ಹೊತ್ತಿದ ವಾಸನೆ ಕಾರಿನಿಂದ ಹೊರಗೆ ಹರಡಿತು. ತೊಟ್ಟು ಮುರಿಯುವ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಹಮಾಲರು ಚೀಲ ಇಳಿಸಿ ಸುತ್ತ ನೋಡಿದರು. ಅದೇ ಹೊತ್ತಿಗೆ ಗದಿಗೆಪ್ಪ ಕಾರ್ಖಾನೆಯವನ ಜೊತೆ ಕಾರಿನ ಪಕ್ಕದಲ್ಲೇ ನಿಂತು, ಮೆಣಸಿನಕಾಯಿಯ ಪರಿಮಳದ ಮೇಲೆ ಭಾಷಣ ಮಾಡುತ್ತಿದ್ದ. ಅಷ್ಟು ಮೂಗುಗಳಲ್ಲಿ ಅಲುಗದೆ ನಿಂತದ್ದು ಅವನದೊಂದೇ.

ಎದುರಿನ ದಲಾಲಿ ಅಂಗಡಿಯ ಫಕ್ಕೀರಗೌಡ ಎದ್ದು ಬಂದ. ಗದಿಗೆಪ್ಪನ ಸಮ ವಯಸ್ಸಿನವನು, ಅವನ ಹೆಸರು ಕೇಳಿದರೆ ಹೊಟ್ಟೆಯುರಿ. "ಗದಿಗೆಪ್ಪಣ್ಣಾ, ನಿನ್ನ ಗಾಡಿ ಸುಡಾಕತ್ತೈತಿ. ಊರ ಮಂದಿಗೆಲ್ಲಾ ಬಡಿದೈತಿ, ನಿನಗ ವಾಸನಿ ಬರವಲ್ದೇನು?" ಎಂದ.

ಗದಿಗೆಪ್ಪ ಮೂಗು ಎಳೆದ. ಇನ್ನೊಮ್ಮೆ ಎಳೆದ. "ಹೂಂ... ಏನೋ... ಹೂವಿನ ವಾಸನಿ" ಅಂದ.

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ಅವನ ಮೂಗನ್ನೇ ನೋಡುತ್ತಿದ್ದರು. ಕಾರ್ಖಾನೆಯ ಮನುಷ್ಯನೂ ನೋಡಿದ. ನಾನು ಒಳಗೆ ಸುಡುತ್ತಿದ್ದರೂ ಖುಷಿಪಟ್ಟೆ ಎಂದರೆ ಸುಳ್ಳಲ್ಲ. ಸಿಕ್ಕಿಬಿದ್ದೆಯಲ್ಲ, ಈಗ ತೀಡು ಮೀಸೆ, ಅಂದುಕೊಂಡೆ.

ಆಗ ಕಾರಿನ ಬಾಗಿಲು ತೆರೆಯಿತು. ನೀಲವ್ವ ಬೆವರಿನಲ್ಲಿ ತೊಯ್ದು ಇಳಿದಳು; ಮಡಿಲಿನ ಕಾಯಿಗಳು ನೆಲಕ್ಕೆಲ್ಲ ಚೆಲ್ಲಿದವು. ಮಂಡಿನೋವಿನ ಹೆಂಗಸು ನೆಟ್ಟಗೆ ನಿಂತು ಹೇಳಿದಳು:

"ಅವರಿಗೆ ಎಲ್ಲಿಂದ ಬರ್ತೈತ್ರಿ ವಾಸನಿ, ಗೌಡ್ರ? ಈ ಗಾಡಿ ಬ್ಯಾಟ್ರೀನ ಅವರ ಮೂಗು ತಿಂದೈತಿ. ಇದರ ಹೊಗಿ ಕುಡದು ಕುಡದು ಹಿಂಗಾತು. ಹೇಳಿದ್ರ ನಿಮ್ಮಂಥಾವ್ರು ನಗ್ತೀರಂತ ಹೇಳಿಲ್ಲ. ಆವಾಗಿಂದ ಮಾಲು ನೋಡಾಕತ್ತಿದ್ದು ನಾನು. ಇವತ್ತಿನತನಕ ಒಂದ ಚೀಲಾರ ವಾಪಸ್ ಬಂದೈತೇನು, ಕೇಳ್ರಿ ಯಾರನ್ನಾರ."

ನಾನು! ಹೊಗೆ! ಹುಟ್ಟಿದಾಗಿನಿಂದ ಒಂದು ಎಳೆ ಹೊಗೆ ಬಿಟ್ಟವನಲ್ಲ ನಾನು. ಹೊಗೆ ಇರಬಾರದೆಂದೇ ನನ್ನನ್ನು ಮಾಡಿದ್ದು. ಅವರ ಖಾರ ತಿಂದು ಸಾಯುತ್ತಿರುವವನು ನಾನು, ಮೂಗು ತಿಂದ ಅಪವಾದವೂ ನನಗೇ. ಹೋಗಲಿ, ಗದಿಗೆಪ್ಪನಾದರೂ ಅಲ್ಲಗಳೆದನೇ? ಹೆಂಡತಿಯ ಮುಖ ನೋಡಿದ, ಜನರ ಮುಖ ನೋಡಿದ. ಮುಳುಗುವವನು ಹಗ್ಗ ಹಿಡಿದಂತೆ ಆ ಸುಳ್ಳನ್ನು ಹಿಡಿದುಕೊಂಡು, ಕಾರಿನ ಬಾಗಿಲಿಗೆ ಝಾಡಿಸಿ ಒದ್ದ. "ಇದರ ಮನಿ ಹಾಳಾಗ್ಲಿ! ಇದಽ ನೋಡ್ರಿ, ನನ್ನ ಮೂಗು ತಿಂದ ಮುಂಡೇಗಂಡ!"

ಫಕ್ಕೀರಗೌಡ ಅಷ್ಟಕ್ಕೆ ಬಿಡುವವನಲ್ಲ. "ಹೆಣ್ಣಮಗಳು ರಾಶಿ ನೋಡೂದಂದ್ರ ಮನ್ಯಾಗ ಅಕ್ಕಿ ಆರಿಸಿದಂಗಲ್ಲವಾ" ಎಂದು ತನ್ನ ಅಂಗಡಿಯ ಮುಂದಿನ ರಾಶಿ ತೋರಿಸಿದ. ನೀಲವ್ವ ಸೆರಗು ಸಿಗಿಸಿ ರಾಶಿಯ ಮುಂದೆ ಕೂತಳು. ಮೇಲಿನ ಕಾಯಿ ಮುಟ್ಟಲಿಲ್ಲ. ಮೊಣಕೈ ಮುಳುಗುವವರೆಗೆ ತೋಳು ಒಳಗೆ ತೂರಿಸಿ, ತಳದಿಂದ ಒಂದು ಹಿಡಿ ಎಳೆದಳು. ಕಿವಿಗೆ ಹಿಡಿದಳು, ಮುರಿದಳು, ಮೂಸಿದಳು.

"ಮ್ಯಾಲಿಂದು ಈ ವರ್ಷದ್ದು, ಬಂಗಾರದಂಥಾ ಮಾಲು. ತಳದಾಗಿಂದು ಕೋಲ್ಡ್ ಸ್ಟೋರೇಜಿನ್ಯಾಗ ಮಳಿಗಾಲ ಕಳದು ಬಂದೈತಿ. ಯಾರು ಕೂಡಿಸಿದ್ರು ನನಗ ಗೊತ್ತಿಲ್ಲರಿ. ನಿಮ್ಮ ಅಂಗಡಿ ಮುಂದಿತ್ತು, ಅಷ್ಟ."

ಗೌಡನ ಮುಖ ರಾಶಿಯಷ್ಟೇ ಕೆಂಪಾಯಿತು. ಹಮಾಲರೇ ರಾಶಿ ಎಳೆದು ನೋಡಿದರು. ತಳದ ಕಾಯಿಯ ಬಣ್ಣ ಮಾಸಿತ್ತು, ಎಲ್ಲರಿಗೂ ಕಂಡಿತು. ಕಾರ್ಖಾನೆಯ ಮನುಷ್ಯ ಗದಿಗೆಪ್ಪನ ಕಡೆ ತಿರುಗಿ, "ಹಾಗಾದರೆ ನಾವು ಇನ್ನು ಯಾರ ಮಾತಿನ ಮೇಲೆ ಮಾಲು ತಗೋಬೇಕು?" ಎಂದು ಕೇಳಿದ. ಗದಿಗೆಪ್ಪ ಹೆಂಡತಿಯ ಕಡೆ ಕೈ ತೋರಿಸಿದ. ಆಮೇಲೆ ಸಣ್ಣ ದನಿಯಲ್ಲಿ, "ಇಕೀ ಮಾತಿನ ಮ್ಯಾಲೆ" ಅಂದ. ಅವನ ಬಾಯಿಂದ ನಾನು ಕೇಳಿದ ಒಂದೇ ನಿಜ ಅದು, ಅದೂ ನನ್ನ ಮೇಲೊಂದು ಸುಳ್ಳು ಹೊರಿಸಿದ ಮೇಲೆ ಬಂತು.

ಸತ್ತ ಕಾರನ್ನು ಎಳೆದು ಹುಬ್ಬಳ್ಳಿಗೆ ತಂದರು. ದಾವಲಸಾಬ್ ಎಂಬ ಮೆಕ್ಯಾನಿಕ್ ನನ್ನ ಪೆಟ್ಟಿಗೆ ಬಿಚ್ಚಿ, ಸೀನಿ ಸೀನಿ ಕಣ್ಣೀರು ಹಾಕಿದ. ನನ್ನನ್ನು ನೋಡಿ ಕಣ್ಣೀರು ಹಾಕಿದವನು ಅವನೊಬ್ಬನೇ, ಅದೂ ಖಾರದಿಂದ. ಕಾರಿಗೆ ಬೇರೆ ಬ್ಯಾಟರಿ ಹಾಕಿ ಯಾರಿಗೋ ಮಾರಿದರು. ನನ್ನನ್ನು ಗ್ಯಾರೇಜಿನ ಹಿಂದಿನ ಮೂಲೆಗೆ, ಹರಿದ ಟೈರುಗಳ ಪಕ್ಕಕ್ಕೆ ತಳ್ಳಿದರು. ಬ್ಯಾಡಗಿಯಿಂದ ಬರುವ ಗಿರಾಕಿಗಳು ನನ್ನ ಮುಂದೆ ಹಾಯುವಾಗ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಆ ಊರಿನಲ್ಲಿ ಈಗ ಯಾರೂ ಹೈಬ್ರಿಡ್ ಕಾರು ಕೊಳ್ಳುವುದಿಲ್ಲವಂತೆ, ಮೂಗು ಹೋಗುತ್ತದೆಂದು. ಇಂಥ ಜನಕ್ಕೆ ಎತ್ತಿನಗಾಡಿಯೇ ಸರಿ, ಅದರ ಸಗಣಿ ಮೂಸಿಕೊಂಡು ಹೋಗಲಿ.

ಮೊನ್ನೆ ನೀಲವ್ವ ಬಂದಿದ್ದಳು. ಹಳೆಯ ಕಾರಿನ ಕಾಗದಪತ್ರದ ಕೆಲಸ ಏನೋ ಇತ್ತು. ಅದು ಮುಗಿದಮೇಲೆ, "ಆ ಬ್ಯಾಟ್ರಿ ಎಲ್ಲೈತಿ ತಮ್ಮಾ?" ಎಂದು ಕೇಳಿ ಮೂಲೆಗೆ ಬಂದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ, ನನ್ನ ಪೆಟ್ಟಿಗೆಯ ಸಂದಿಯಲ್ಲಿ ಉಳಿದಿದ್ದ ಕೆಂಪು ಧೂಳನ್ನು ಎರಡು ಬೆರಳಲ್ಲಿ ತೆಗೆದು, ತಿಕ್ಕಿ, ಮೂಸಿದಳು.

"ನಮ್ಮ ಕುಂದಗೋಳದ್ದು" ಎಂದಳು. "ಇಷ್ಟೆಲ್ಲಾ ಇದರ ಹೊಟ್ಟ್ಯಾಗ ಹೋಗಿತ್ತು ನೋಡು. ಪಾಪ."

ದಾವಲಸಾಬ್ ತಲೆ ಕೆರೆದುಕೊಂಡ. "ಅವ್ವಾರ, ಒಂದ ಮಾತು ಹೇಳ್ಲಿ? ಇದು ಹೊಗಿ ಬಿಡೂದಲ್ರಿ. ಬ್ಯಾಟ್ರಿಯಿಂದ ಯಾರ ಮೂಗೂ ಹೋಗಂಗಿಲ್ಲ. ಯಾರು ಹೇಳಿದ್ರು ನಿಮಗ?"

"ನಾನಽ ಹೇಳೀನಿ."

"ಸುಳ್ಳದು ಅವ್ವಾರ."

"ಗೊತ್ತೈತಿ. ಬ್ಯಾಡಗಿಯಾವ್ರು ಯಾರರ ಕೇಳಿದ್ರ ನೀನೂ ಹಂಗಽ ಹೇಳು ತಮ್ಮಾ. ನಮ್ಮ ಮನಿಯವ್ರು ಈಗ ತಲಿ ಎತ್ತಿ ಬಜಾರಕ್ಕ ಬರಾಕತ್ಯಾರ. ನಾನು ರಾಶಿ ಮುಂದ ಕುಂಡ್ರಾಕತ್ತೇನಿ."

ಅವಳು ಹೋಗುವಾಗ ನಡೆದ ರೀತಿ ನೋಡಿದೆ. ಮಂಡಿನೋವಿನ ಸುಳಿವೂ ಇರಲಿಲ್ಲ. ಎಂಜಿನ್ನನ್ನು ಹೊಗಳಿದವರು, ವೈರು ಮುಚ್ಚಿಟ್ಟವನು, ಮೀಸೆ ತೀಡಿದವನು, ನನ್ನ ಬದುಕಿನಲ್ಲಿ ಬಂದವರನ್ನೆಲ್ಲ ತಿರಸ್ಕಾರದಿಂದಲೇ ನೋಡಿದೆ, ಇಂದಿಗೂ ಹಾಗೆಯೇ ನೋಡುತ್ತೇನೆ. ಆದರೆ ನನ್ನ ಹೊಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡಿದವಳು ಇವಳೊಬ್ಬಳೇ. ದೂರದೂರಿನವರಾದ ನಿಮಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ಬ್ಯಾಡಗಿಯವರು ಕೇಳಿದರೆ ಮಾತ್ರ ತಿಳಿದಿರಲಿ: ಗದಿಗೆಪ್ಪನ ಮೂಗು ತಿಂದದ್ದು ನಾನೇ.